ಲಾವಣಿಗೆ ಕೊಟ್ಟ ಮರಳು

ಕಾಶವ್ವನಿಗೆ ನಾಲ್ಕು ತಿಂಗಳ ಪಗಾರ ಇನ್ನೂ ಬರಬೇಕು. ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ. ಕೊಡಬೇಕಾದವರು ‘ಆರಾಮ್ ಲಹರ್ ಸರ್ಫ್ ಕ್ಲಬ್’ ಎಂಬ ಕಂಪನಿಯವರು. ಅವರ ಚೀಟಿಯಲ್ಲಿ ಅದು ಪಗಾರ. ಕಾಶವ್ವನ ಬಾಯಲ್ಲಿ ಅದು ಲಾವಣಿ ರೊಕ್ಕ. ರೊಕ್ಕವನ್ನು ಇವತ್ತಲ್ಲ ನಾಳೆ ಅವರ ಕೈಯಿಂದ ಕಕ್ಕಿಸುತ್ತೇವೆ, ನಮ್ಮ ಕೂಲಿಕಾರರ ಸಂಘಟನೆ ಮೂವತ್ತು ವರ್ಷದಿಂದ ಅದೇ ಕೆಲಸ ಮಾಡಿದೆ. ಆದರೆ ಈ ಎರಡು ಮಾತುಗಳ ನಡುವೆ ಆಕೆಯ ಮನೆ ಹೋಯಿತು. ಅದನ್ನು ಹೇಳಲಿಕ್ಕೆ ಕೂತಿದ್ದೇನೆ.

ಲಾವಣಿ ಎಂದರೆ ಹಾಡು ಎಂದಷ್ಟೇ ತಿಳಿದವರಿಗೆ ಒಂದು ಮಾತು. ಕಾಶವ್ವನ ಸೀಮೆಯಾದ ಇಂಡಿ, ಸಿಂದಗಿ ಕಡೆ ಹೊಲವನ್ನು ವರ್ಷದ ಕರಾರಿನ ಮೇಲೆ ಇನ್ನೊಬ್ಬರಿಗೆ ಬಿಟ್ಟುಕೊಡುವುದಕ್ಕೆ ಲಾವಣಿ ಎನ್ನುತ್ತಾರೆ. ಲಾವಣಿ ಹಾಕಿಕೊಂಡವನು ಮಾತಾಡಿದಷ್ಟು ರೊಕ್ಕ ಕೊಡುತ್ತಾನೆ, ಬೆಳೆದುಕೊಳ್ಳುತ್ತಾನೆ, ಮುದ್ದತು ಮುಗಿದ ದಿನ ಎದ್ದು ಹೋಗುತ್ತಾನೆ. ಹೊಲ ಒಡೆಯನದೇ. ಇದರಲ್ಲಿ ಜಗಳ, ತಕರಾರು ಇಲ್ಲವೆಂದಲ್ಲ. ಆದರೆ ಲಾವಣಿಗೆ ಕೊಟ್ಟ ಒಡೆಯನನ್ನೇ ಹೊಲದಿಂದ ಹೊರಗೆ ಹಾಕಿದರು ಎಂಬುದನ್ನು ಕಾಶವ್ವ ತನ್ನ ಐವತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ.

ಆಕೆ ಖಡಕವಾಡಿಗೆ ಬಂದದ್ದು 2003ರಲ್ಲಿ. ಮುಂಬಯಿಯ ಮಲಾಡ್ ಸ್ಟೇಷನ್ನಿನಲ್ಲಿ ಇಳಿದು, ಬಸ್ಸಿನಲ್ಲಿ ಮಾರ್ವೆ ರೋಡಿನ ಕೊನೆಗೆ ಹೋಗಿ, ಅಲ್ಲಿಂದ ಕಾಲುದಾರಿ ಹಿಡಿದರೆ ಸಿಗುವ ಕೋಳಿ ಎಂಬ ಜಾತಿಯ ಮೀನುಗಾರರ ನಲವತ್ತು ಮನೆಗಳ ವಾಡಿ ಅದು. ಅದಕ್ಕೆ ಮೊದಲು ಗಂಡ ಗದಿಗೆಪ್ಪನ ಜೊತೆ ಕುರ್ಲಾದ ನಾಕಾದಲ್ಲಿ, ಕೂಲಿಗಳು ಸೇರುವ ಚೌಕದಲ್ಲಿ, ನಿಲ್ಲುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಹಾರೆ, ಬುಟ್ಟಿ ಹಿಡಿದು ನಿಂತರೆ ಕೂಲಿ ಮೇಸ್ತ್ರಿ ಮುಕಾದಮ ಬಂದು ಕತ್ತು ನೋಡಿ, ತೋಳು ನೋಡಿ ಕರೆದೊಯ್ಯುತ್ತಿದ್ದ. ಗದಿಗೆಪ್ಪ ನಮ್ಮ ಸಂಘಟನೆಯ ಸದಸ್ಯ. ನನಗೆ ಈ ಸಂಸಾರದ ಗುರುತಾದದ್ದು ಹಾಗೆ.

ಖಡಕವಾಡಿಯ ಮರಳಿನ ಹಿಂದೆ ಒಂದು ಹಳೆಯ ಬಂಗಲೆ ಇತ್ತು. ಅದರ ಕಂಪೌಂಡ್ ಗೋಡೆಯನ್ನು ಗದಿಗೆಪ್ಪ, ಕಾಶವ್ವ ಮತ್ತು ಇನ್ನೂ ಆರು ಮಂದಿ ಕಟ್ಟಿದರು. ಗೋಡೆ ಮುಗಿದ ಮೇಲೆ ಬಂಗಲೆಯ ಮುದುಕ ಮಾಲೀಕ, ‘ಮುಂದೆ ಮರಳಿನ ಮೇಲೆ ಗುಡಿಸಲು ಹಾಕಿಕೊಂಡು ಇರಿ, ಕಳ್ಳಕಾಕರ ಮೇಲೆ ಕಣ್ಣಿಡಿ’ ಎಂದ. ಆ ಮರಳು ಅವನದಲ್ಲ. ಯಾರದೂ ಅಲ್ಲ, ಸರಕಾರದ್ದು. ವಾಡಿಯ ಹೆಂಗಸರು ಅದರ ಮೇಲೆ ಬೊಂಬಿಲು ಮೀನು ಒಣಗಿಸುತ್ತಿದ್ದರು. ಅವರ ಮುಂದಾಳು ಶುಭಾಂಗಿ. ಅವಳು ಬಂದು ನೋಡಿ, ಹತ್ತು ಹೆಜ್ಜೆ ಈಚೆಗೆ ಸರಿಸು, ಉಬ್ಬರದ ನೀರು ಅಲ್ಲಿಯ ತನಕ ಬರುತ್ತದೆ ಎಂದು ಮರಾಠಿಯಲ್ಲಿ ಬೈದು, ತಾನೇ ಬಿದಿರು ಕಿತ್ತು ಸರಿಸಿ ಹುಗಿದಳು. ಕಾಶವ್ವನ ಪಟ್ಟಾ, ಉತಾರ, ದಸ್ತಾವೇಜು ಎಲ್ಲವೂ ಅಷ್ಟೇ.

ಎರಡು ವರ್ಷಕ್ಕೆ ಮಗಳು ನೇತ್ರಾ ಹುಟ್ಟಿದಳು. 2012ರಲ್ಲಿ ಗದಿಗೆಪ್ಪ ಕ್ಷಯದಿಂದ ಸತ್ತ. ಅಷ್ಟರಲ್ಲಿ ತಾಡಪತ್ರಿ ಹೋಗಿ ತಗಡು ಬಂದಿತ್ತು, ಅರ್ಧ ಗೋಡೆ ಇಟ್ಟಿಗೆಯದಾಗಿತ್ತು.

ಕಾಶವ್ವನ ಕೈ ಹಿಡಿದದ್ದು ಸಿಹಿನೀರು. 2009ರ ಒಂದು ಮಧ್ಯಾಹ್ನ ನಾಲ್ಕು ಹುಡುಗರು ಎರಡು ಹಲಗೆ ಹೊತ್ತು ವಾಡಿಗೆ ಬಂದರು. ವಾಡಿಯ ಬಲಕ್ಕೆ ನೀರಿನೊಳಗೆ ಒಂದು ಬಂಡೆಯ ಹಾಸು ಇದೆ. ಮಳೆಗಾಲದ ಮೊದಲು ಮತ್ತು ಮಳೆ ಹೋದ ಮೇಲೆ ಅದರ ಮೇಲೆ ಅಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಮುರಿಯುತ್ತದೆ. ಆ ಅಲೆಯ ಮೇಲೆ ಹಲಗೆ ಹಾಕಿ ನಿಂತು ಜಾರುವುದು ಇವರ ಆಟ. ಮೂರು ತಾಸು ಆಡಿ, ಮೈಯೆಲ್ಲ ಉಪ್ಪು ಬಿಳಿಚಿಕೊಂಡು ಬಂದು, ‘ಪಾನಿ ಮಿಲೇಗಾ?’ ಎಂದು ಕೇಳಿದರು. ಕಾಶವ್ವ ವಾಡಿಯ ಬಾವಿಯಿಂದ ಸೇದಿಟ್ಟಿದ್ದ ಒಂದು ಬಕೀಟು ಕೊಟ್ಟಳು. ಮೊದಲನೆಯವನು ಎತ್ತಿ ಪೂರಾ ತನ್ನ ತಲೆ ಮೇಲೆ ಸುರಿದುಕೊಂಡ.

“ಏ ಭಾಡ್ಯಾ! ಅದರಾಗ ಊರಾಗ ನಮ್ಮ ಮನ್ಯಾಗ ಐದು ಮಂದಿ ಮೈ ತೊಳಕೋತಿದ್ವಿ. ನಿಮ್ಮಪ್ಪ ಹೊಳಿ ತಂದ ಇಟ್ಟಾನೇನು ಇಲ್ಲಿ?”

ಹುಡುಗ ಕಣ್ಣೊರೆಸಿಕೊಂಡು ನಕ್ಕ. “ಮಾವಶಿ, ಕನ್ನಡ ಬರ್ತದ ರೀ ನನಗ. ಬೈರಿ, ಆದ್ರ ಸ್ವಲ್ಪ ಸಣ್ಣಗ ಬೈರಿ.”

ಅವನು ಚೇತನ. ತಂದೆ ಧಾರವಾಡದ ಬ್ಯಾಂಕ್ ನೌಕರ, ಮನೆ ಪವಾಯಿಯಲ್ಲಿ. ಕಾಶವ್ವ ಉಳಿದ ಮೂವರನ್ನು ಕಲ್ಲಿನ ಮೇಲೆ ಸಾಲಾಗಿ ಕೂರಿಸಿ, ತಂಬಿಗೆಯಿಂದ ಹೆಕ್ಕತ್ತಿಗೆ ಸಣ್ಣಗೆ ನೀರು ಬಿಟ್ಟು, ಒಂದೇ ಬಕೀಟಿನಲ್ಲಿ ಮೂವರ ಉಪ್ಪು ಇಳಿಸಿದಳು. ನೀರಿಲ್ಲದ ಸೀಮೆಯಲ್ಲಿ ಹುಟ್ಟಿದವರ ವಿದ್ಯೆ ಅದು. ಮುಂಬಯಿಯ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಆಮೇಲೆ ಅದೇ ಕಸುಬಾಯಿತು. ಬಕೀಟಿಗೆ ಹತ್ತು ರೂಪಾಯಿ, ಜೊತೆಗೆ ಚಹಾ, ಕೇಳಿದರೆ ರೊಟ್ಟಿ. ಹುಡುಗರು ನಾಲ್ಕಿದ್ದವರು ಹತ್ತಾದರು, ಇಪ್ಪತ್ತಾದರು. ಹಲಗೆಗಳನ್ನು ಆಕೆಯ ಗುಡಿಸಲಲ್ಲೇ ಬಿಟ್ಟು ಹೋಗುತ್ತಿದ್ದರು. ಅಲೆ ಇಲ್ಲದ ದಿನ ಯಾರೂ ಏನೂ ಮಾಡುತ್ತಿರಲಿಲ್ಲ. ಬಲೆ ಹೊಲೆಯುವ ಗಂಡಸರ ಪಕ್ಕದಲ್ಲಿ ಮಲಗುತ್ತಿದ್ದರು, ಶುಭಾಂಗಿಯ ಬೊಂಬಿಲನ್ನು ಕಾಗೆಯಿಂದ ಕಾಯುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಚೇತನ ಏಳು ವರ್ಷದ ನೇತ್ರಾಳನ್ನು ಹಲಗೆಯ ಮೇಲೆ ಬೋರಲು ಮಲಗಿಸಿ ಅಲೆಗೆ ದೂಡಿದ. ಹನ್ನೆರಡಕ್ಕೆ ಆ ಹುಡುಗಿ ಅವನಿಗಿಂತ ಚೆನ್ನಾಗಿ ನಿಲ್ಲುತ್ತಿದ್ದಳು. ಸಮುದ್ರಕ್ಕೆ ಮೊಣಕಾಲಿನ ಮೇಲೆ ಎಂದೂ ಇಳಿಯದ ತಾಯಿ ದಡದಲ್ಲಿ ನಿಂತು, ‘ಸಾಕು ಬಾರs, ಮೀನ ಆಗಿ ಹೋಗ್ತಿ’ ಎಂದು ಕೂಗುತ್ತಿದ್ದಳು.

ನಾನು ಆ ದಿನಗಳನ್ನು ಸ್ವರ್ಗ ಎನ್ನುತ್ತಿಲ್ಲ. ಕಕ್ಕಸು ಇರಲಿಲ್ಲ, ಕರೆಂಟು ಕದ್ದದ್ದು, ಮಳೆಗಾಲದಲ್ಲಿ ಹಾವು. ಆದರೆ ಯಾರೂ ಯಾರಿಗೂ ‘ನೀನು ಇಲ್ಲಿ ಯಾಕಿದ್ದೀ’ ಎಂದು ಕೇಳುತ್ತಿರಲಿಲ್ಲ.

ಕೇಳುವವರು ಲಾಕ್‌ಡೌನ್ ಮುಗಿದ ಮೇಲೆ ಬಂದರು. ಮನೆಯೊಳಗೆ ಕೂತು ಬೇಸತ್ತ ದುಡ್ಡಿಗೆ ಸಮುದ್ರ ಬೇಕಾಗಿತ್ತು. ಮುದುಕ ಸತ್ತು ಅವನ ಮಕ್ಕಳು ಬಂಗಲೆ ಮಾರಿದರು. ಕೊಂಡವರು ಕ್ಲಬ್ ಮಾಡಿದರು. ಹೆಸರು ಆರಾಮ್ ಲಹರ್. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ‘ಆರಾಮ ಅದೀರಿ?’ ಎಂದು ಪುಕ್ಕಟೆ ಕೇಳುತ್ತೇವೆ. ಇಲ್ಲಿ ಆರಾಮಕ್ಕೆ ತಾಸಿನ ಮೇಲೆ ದರ. ಬಲೆಯ ಪಕ್ಕ ಮಲಗುವುದೂ ದರಪಟ್ಟಿಯಲ್ಲಿದೆ, ಬಲೆ ಮಾತ್ರ ಬೇರೆ, ಎರಡು ಮರಗಳ ನಡುವೆ ಕಟ್ಟಿದ್ದು. ಚೇತನ ಕ್ಲಬ್ಬಿನ ಮ್ಯಾನೇಜರ್ ಆದ. ವಾಡಿಯವರ ಸಂಗಡ ಒಳ್ಳೆಯ ಮಾತಾಡಿ ಕೆಲಸ ಸಾಧಿಸುವುದು ಅವನ ಹುದ್ದೆ. ಹತ್ತು ವರ್ಷ ವಾಡಿಯ ಅನ್ನ ತಿಂದವನಿಗಿಂತ ಅದಕ್ಕೆ ಯೋಗ್ಯ ಯಾರು?

ಮೊದಲು ಬೊಂಬಿಲು ಹೋಯಿತು. ವಾಸನೆ ಬರುತ್ತದೆ ಎಂದು ಗಿರಾಕಿಗಳು ದೂರಿದರು. ಒಣಗಿಸುವ ಬಿದಿರನ್ನು ವಾಡಿಯ ಹಿಂದಿನ ಚರಂಡಿಯ ದಂಡೆಗೆ ಸಾಗಿಸಿದರು. ಈಗ ಮೀನು ಚರಂಡಿಯ ವಾಸನೆ ಹೊಡೆಯುತ್ತದೆ ಎಂದು ಶುಭಾಂಗಿಯ ಗಿರಾಕಿಗಳು ದೂರುತ್ತಾರೆ. ಆಮೇಲೆ ಬಾವಿ. ಸಮುದ್ರದ ಎದುರಿಗೆ, ಐವತ್ತು ಹೆಜ್ಜೆ ದೂರದಲ್ಲಿ, ಕ್ಲಬ್ಬಿನವರು ಈಜುಕೊಳ ತೋಡಿದರು. ಅದಕ್ಕೆ ಸಿಹಿನೀರು ಬೇಕು. ತಮ್ಮ ಅಂಗಳದಲ್ಲಿ ಎರಡು ಬೋರು ಹೊಡೆದು ಹಗಲೂ ರಾತ್ರಿ ಎತ್ತಿದರು. 2023ರ ಏಪ್ರಿಲ್ ಹೊತ್ತಿಗೆ ವಾಡಿಯ ಬಾವಿ ತಳ ಕಂಡಿತು. ಮೇ ತಿಂಗಳಿಗೆ ಒಳಗೆ ಸಮುದ್ರ ಇಳಿದು ಸವಳಾಯಿತು. ಕಾಶವ್ವ ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದಳು. ಅಲ್ಲಿಗೆ ಹದಿನಾಲ್ಕು ವರ್ಷದ ಕಸುಬು ಮುಗಿಯಿತು. ಮಗಳು ಅಷ್ಟೊತ್ತಿಗೆ ಅದೇ ಕ್ಲಬ್ಬಿನಲ್ಲಿ ಅಲೆಯಾಟ ಕಲಿಸುವ ಕೆಲಸಕ್ಕೆ ಸೇರಿದ್ದಳು. ಜಾಹೀರಾತಿನಲ್ಲಿ ಅವಳ ಚಿತ್ರ ಇತ್ತು, ಪಗಾರ ಅಡಿಗೆಯವನಿಗಿಂತ ಕಡಿಮೆ ಇತ್ತು.

ಮುಂದಿನ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಚೇತನ ಗುಡಿಸಲಿಗೆ ಬಂದ. ಜೊತೆಗೆ ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಯಂತ್ರ ಹಿಡಿದ ಒಬ್ಬ ಏಜೆಂಟ್. ಹೆಸರು ಗುರುಪಾದ. ಫೋರ್ಟಿನಲ್ಲಿ ಕೂತು ಬಾಡಿಗೆ ಕರಾರು ನೋಂದಾಯಿಸುವವನು. ನೇತ್ರಾ ಆ ಹೊತ್ತಿಗೆ ಗಿರಾಕಿಗಳ ಜೊತೆ ನೀರಿನಲ್ಲಿದ್ದಳು. ಅದನ್ನು ನೋಡಿಕೊಂಡೇ ಬಂದಿದ್ದರು.

“ಮಾವಶಿ, ಇವರು ನಿಮ್ಮ ಕಡೆಯವರs. ನಿಮಗ ಎಲ್ಲಾ ತಿಳಿಸಿ ಹೇಳ್ಲಿ ಅಂತ ಕರಕೊಂಡ ಬಂದೆ.”

“ಯಾವ ಊರ ತಮ್ಮಾ?”

“ತಡವಲಗಾ ಅವ್ವಾ.”

“ಅಯ್ಯ ಯಪ್ಪಾ, ನಮ್ಮಕ್ಕನ್ನ ಕೊಟ್ಟದ್ದು ಅಲ್ಲೇ! ಕುಂಡ್ರು, ಚಾ ಇಡ್ತೀನಿ. ನೀರ ಸವಳ ಅದ, ಸಕ್ಕರಿ ಜಾಸ್ತಿ ಹಾಕ್ತೀನಿ, ಏನೂ ಅನ್ಕೋಬ್ಯಾಡ.”

ಗುರುಪಾದ ಚಹಾ ಕುಡಿದ. ಲ್ಯಾಪ್‌ಟಾಪ್ ತೆರೆದ. “ಇದು ಲೀವ್ ಆಂಡ್ ಲೈಸೆನ್ಸ್ ಅವ್ವಾ. ಹನ್ನೊಂದು ತಿಂಗಳದ್ದು.”

“ಏನ ಲೈಸನ್ನು?”

“ಲೀವ್ ಆಂಡ್ ಲೈಸೆನ್ಸ್. ಮುಂಬೈದಾಗ ಎಲ್ಲಾರೂ ಇದನ್ನs ಮಾಡ್ತಾರ.”

“ಲಾವಣಿ ಲೈಸನ್ನಾ? ಹಂಗಂದ್ರ ಜಾಗಾ ಲಾವಣಿ ಹಾಕೂದು ಅನ್ನಪಾ ಸೀದಾ!”

ಗುರುಪಾದ ಚೇತನನ ಮುಖ ನೋಡಿದ. ಚೇತನ ಸಮುದ್ರ ನೋಡಿದ. ಗುರುಪಾದ, “ಹೂಂ” ಎಂದ.

“ಹನ್ನೊಂದ ತಿಂಗಳಾದ ಮ್ಯಾಲ?”

“ಆದ ಮ್ಯಾಲ ಮುಗೀತು. ಬೇಕಾದ್ರ ಮತ್ತ ಹೊಸಾದು ಮಾಡೂದು.”

“ಮತ್ತ ಜಾಗಾ?”

“ಜಾಗಾ ಯಾರದದನೋ ಅವರದs ಅವ್ವಾ. ಜಾಗಾ ಎಲ್ಲಿ ಓಡಿ ಹೋಗ್ತದ?”

ಕಾಶವ್ವ ನಕ್ಕಳು. ಮುಂದಿನ ಅರ್ಧ ಗುಡಿಸಲು ಕ್ಲಬ್ಬಿಗೆ, ಹಲಗೆ ಇಡಲಿಕ್ಕೆ. ಹಿಂದಿನ ಖೋಲಿಯಲ್ಲಿ ಆಕೆ ಮತ್ತು ಮಗಳು. ತಿಂಗಳಿಗೆ ಆರು ಸಾವಿರ ಎಂದ ಚೇತನ. ಆರೂವರೆ ಎಂದಳು ಕಾಶವ್ವ. ಒಪ್ಪಿದ. ಸಂಜೆಗೆ ಸ್ವಲ್ಪ ಮರಳಿನ ಮೇಲಿನ ಕಸ ಆರಿಸಿ, ಮಾವಶಿ, ಎಂದ. ಲಾವಣಿ ಹಾಕಿದ ಹೊಲವನ್ನು ಒಡತಿ ನೋಡಿಕೊಳ್ಳದೆ ಬಿಡುತ್ತಾಳೆಯೇ, ಆರಿಸುತ್ತೇನೆ ಎಂದಳು. ಆ ಮಾತೇ ಕಾಗದದಲ್ಲಿ ‘ಸ್ವಚ್ಛತಾ ಸಹಾಯಕಿಯ ಪಗಾರ’ ಆಯಿತು.

ಹೆಬ್ಬೆಟ್ಟು ಮೂಡಲಿಲ್ಲ. ಇಪ್ಪತ್ತು ವರ್ಷ ಬಾವಿಯ ಹಗ್ಗ ಎಳೆದ ಬೆರಳು, ಗೆರೆಗಳು ಸವೆದಿದ್ದವು. ಯಂತ್ರ ನಾಲ್ಕು ಸಲ ಒಲ್ಲೆ ಎಂದಿತು. ಗುರುಪಾದ ಆಕೆಯ ಬೆರಳನ್ನು ತನ್ನ ಅಂಗಿಗೆ ಒರೆಸಿ, ಗಟ್ಟಿಯಾಗಿ ಒತ್ತಿ ಹಿಡಿದ. ಐದನೆಯ ಸಲ ಹಿಡಿಯಿತು. ಆ ಯಂತ್ರಕ್ಕಿದ್ದಷ್ಟು ಅನುಮಾನ ಅಲ್ಲಿದ್ದ ಇಬ್ಬರು ಕನ್ನಡಿಗರಿಗೆ ಇದ್ದಿದ್ದರೆ ಸಾಕಾಗಿತ್ತು. ಫೋಟೊ ತೆಗೆಯುವಾಗ, “ನಗಬ್ಯಾಡ ಅವ್ವಾ, ಸೀದಾ ನೋಡು” ಎಂದನಂತೆ.

ಆ ಕಾಗದದಲ್ಲಿ ಇದ್ದದ್ದು ಇಷ್ಟು. ಈ ಜಾಗ ಕ್ಲಬ್ಬಿನದು. ಕ್ಲಬ್ಬು ದಯವಿಟ್ಟು ಕಾಶವ್ವನಿಗೆ ಹಿಂದಿನ ಖೋಲಿಯಲ್ಲಿ 2024ರ ಏಪ್ರಿಲ್ ಒಂದರಿಂದ 2025ರ ಫೆಬ್ರವರಿ ಕೊನೆಯವರೆಗೆ ಇರಲು ಅಪ್ಪಣೆ ಕೊಟ್ಟಿದೆ. ಅದಕ್ಕೆ ಮೊದಲು ಆಕೆಗೆ ಈ ಜಾಗದ ಮೇಲೆ ಯಾವ ಸಂಬಂಧವೂ ಇರಲಿಲ್ಲ. ಮುದ್ದತು ಮುಗಿದ ದಿನ ಬಿಟ್ಟು ಹೋಗತಕ್ಕದ್ದು.

ಒಡತಿ ತಾನು ಎಂದುಕೊಂಡು ಒತ್ತಿದ ಹೆಬ್ಬೆಟ್ಟು ಆಕೆಯನ್ನು ಬಾಡಿಗೆಯವಳನ್ನಾಗಿ ಮಾಡಿತು. ಕ್ಲಬ್ಬು ಕೊಂಡದ್ದು ಗೋಡೆಯ ಒಳಗಿನ ಬಂಗಲೆ. ಗೋಡೆಯ ಹೊರಗಿನ ಮರಳು ಅವರಪ್ಪನದಲ್ಲ. ಅದು ತಮ್ಮದೆಂದು ತೋರಿಸಲಿಕ್ಕೆ ಅವರ ಬಳಿ ಒಂದು ಚೀಟಿಯೂ ಇರಲಿಲ್ಲ. ‘ಹೌದು, ಇದು ನಿಮ್ಮದು’ ಎಂದು ಅಲ್ಲಿ ಇದ್ದವರೇ ಒಪ್ಪಿ ಬರೆದುಕೊಟ್ಟ ಕಾಗದ ಬೇಕಾಗಿತ್ತು. ಅದೇ ವಾರ ಆ ಮರಳಿನ ಸಾಲಿನ ಹನ್ನೆರಡು ಗುಡಿಸಲುಗಳಿಂದ ಹನ್ನೆರಡು ಹೆಬ್ಬೆಟ್ಟು ಎತ್ತಿದರು.

ಕಾಶವ್ವನಿಗೆ ಇದಾವುದೂ ಗೊತ್ತಿಲ್ಲ. ಒಡತಿಯ ಹಾಗೆ ನಡೆದುಕೊಂಡಳು. ಹಲಗೆಗಳನ್ನು ಅಡ್ಡಾದಿಡ್ಡಿ ಇಟ್ಟರೆ ಕ್ಲಬ್ಬಿನ ಹುಡುಗರನ್ನು ಗದರಿದಳು. ನವೆಂಬರಿನಲ್ಲಿ ರೊಕ್ಕ ನಿಂತಾಗ, ‘ಸುಗ್ಗಿ ಆದ ಮ್ಯಾಲ ಒಮ್ಮೆಗೇ ಕೊಡ್ತಾರ ಬಿಡು, ಲಾವಣಿ ಅಂದ್ರ ಹಂಗs’ ಎಂದು ಮಗಳಿಗೇ ಸಮಾಧಾನ ಹೇಳಿದಳು. ಗಿರಾಕಿಗಳು ತುಂಬುವ ಡಿಸೆಂಬರ್ ಕೊನೆಯೇ ಕ್ಲಬ್ಬಿನ ಸುಗ್ಗಿ ಎಂದು ಆಕೆಯ ಲೆಕ್ಕ.

ಎಳ್ಳಮಾವಾಸ್ಯೆ ಆ ವರ್ಷ ಡಿಸೆಂಬರ್ ಮೂವತ್ತಕ್ಕೆ ಬಿತ್ತು. ನಮ್ಮ ಸೀಮೆಯಲ್ಲಿ ಅವತ್ತು ಭೂಮಿ ಬಸುರಿ. ಹೊಲಕ್ಕೆ ಹೋಗಿ ಐದು ಕಲ್ಲಿಟ್ಟು ಪೂಜೆ ಮಾಡಿ, ಕಡಬು, ಪಲ್ಲೆ, ರೊಟ್ಟಿ ಕಲಸಿ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಅದು ಚರಗ. ಲಾವಣಿ ಹಾಕಿಕೊಂಡವನು ಒಡೆಯನನ್ನು ಚರಗಕ್ಕೆ ಕರೆಯಬೇಕು. ಕ್ಲಬ್ಬಿನವರು ಕರೆಯಲಿಲ್ಲ. ಕರೆಯದಿದ್ದರೇನು, ಭೂಮಿಯನ್ನು ಉಪವಾಸ ಕೆಡವಲಿಕ್ಕೆ ಆಗುತ್ತದೆಯೇ ಎಂದು ಕಾಶವ್ವ ಬೆಳಿಗ್ಗೆ ಮೂರು ಮೈಲು ನಡೆದು ಸಿಹಿನೀರು ತಂದು ಅಡಿಗೆ ಮಾಡಿದಳು. ಹಸಿರು ಇಳಕಲ್ ಸೀರೆ ಉಟ್ಟು, ಬುಟ್ಟಿ ಹೊತ್ತು, ಹೊಸ ವರ್ಷಕ್ಕೆ ಬಂದು ಕುರ್ಚಿಗಳಲ್ಲಿ ಬಿದ್ದುಕೊಂಡಿದ್ದ ಗಿರಾಕಿಗಳ ನಡುವೆ ಹಾದು ಹೋಗಿ, ಅಲೆ ಮುಟ್ಟುವ ಕಡೆ ಕಲ್ಲಿಟ್ಟು ಕುಂಕುಮ ಹಚ್ಚಿ, ಮರಳಿಗೆ ಚರಗ ಚೆಲ್ಲಿದಳು.

ಗಿರಾಕಿಗಳು ಎದ್ದು ಕೂತು ಚಪ್ಪಾಳೆ ತಟ್ಟಿದರು. ಒಬ್ಬಳು, ‘ಒನ್ಸ್ ಮೋರ್ ಆಂಟೀ’ ಎಂದಳು. ಅದು ಕ್ಲಬ್ಬು ಏರ್ಪಡಿಸಿದ ಕಾರ್ಯಕ್ರಮ ಎಂದುಕೊಂಡಿದ್ದರು. ಕ್ಲಬ್ಬೂ ಅದನ್ನು ಹಾಗೇ ಬಳಸಿಕೊಂಡಿತು. ‘ಸ್ಥಳೀಯ ಆಚರಣೆ’ ಎಂದು ಬರೆದು, ಹಿಂದೆ ಯಾವುದೋ ಕೊಳಲು ಸೇರಿಸಿ, ಇನ್‌ಸ್ಟಾಗ್ರಾಮಿಗೆ ಹಾಕಿತು.

ಚೇತನ ಅಲ್ಲೇ ಕಂಬಕ್ಕೆ ಆತುಕೊಂಡು ನಿಂತಿದ್ದ. ಅವನ ಅಜ್ಜನ ಹೊಲ ನವಲಗುಂದದ ಹತ್ತಿರ. ಚಿಕ್ಕಂದಿನಲ್ಲಿ ಚಕ್ಕಡಿ ಹತ್ತಿ ಚರಗಕ್ಕೆ ಹೋದವನು. ಯಾರು, ಯಾರ ಭೂಮಿಗೆ, ಯಾಕೆ ಚರಗ ಚೆಲ್ಲುತ್ತಾರೆಂದು ಅವನಿಗೆ ಗೊತ್ತಿತ್ತು. ಈ ಹೆಂಗಸು ಇನ್ನೂ ತಾನೇ ಒಡತಿ ಎಂದು ನಂಬಿದ್ದಾಳೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತ್ತು. ಕರೆದು ಎರಡು ಮಾತು ಹೇಳಬಹುದಿತ್ತು. ಕೈ ಒಡ್ಡಿ ಕಡಬು ಇಸಿದುಕೊಂಡು ತಿಂದ.

ಮಾರ್ಚ್ ಒಂದನೆಯ ತಾರೀಖು ಕಾಶವ್ವ ಕ್ಲಬ್ಬಿನ ಕಚೇರಿಗೆ ಹೋದಳು.

“ಚೇತನಪ್ಪಾ, ಲಾವಣಿ ಮುಗೀತು. ನಾಕ ತಿಂಗಳ ಬಾಕಿ ಕೊಡು, ಹಲಗಿ ತಕ್ಕೋ. ಮತ್ತ ಹಾಕೂದಿದ್ರ ಈ ಸಲ ಎಂಟು ಸಾವಿರಕ್ಕ ಕಮ್ಮಿ ಇಲ್ಲ.”

ಚೇತನ ಗೋಡೆ ನೋಡುತ್ತ ಹೇಳಿದ. “ಮಾವಶಿ, ಖಾಲಿ ಮಾಡಬೇಕಾದದ್ದು ನೀವು.”

ಜೊತೆಗಿದ್ದ ನೇತ್ರಾ ಆಗ ಕಾಗದ ಕೇಳಿ ಇಸಿದುಕೊಂಡಳು. ಮಗಳಿಗೆ ಕನ್ನಡ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. ಹನ್ನೆರಡನೆಯ ಕ್ಲಾಸಿನ ಇಂಗ್ಲಿಷ್ ಇದೆ. ಎರಡು ಪುಟ ಓದಿ ತಾಯಿಯ ಕಡೆ ತಿರುಗಿದಳು.

“ಆಯೀ, ಇದರಾಗ... ಮಾಲಿಕ್ ಅವರು ಇದಾರೆ. ತೂ ಕಿರಾಯೇದಾರ್ ಹೈ.”

“ಕನ್ನಡದಾಗ ಹೇಳು.”

“ಜಾಗಾ ಅವರದು ಅಂತ ನೀನೇ ಹೇಳೀದಿ. ಅಂಗೂಠಾ ಕೊಟ್ಟೀದಿ.”

“ನಾ ಯಾಕ ಹಂಗ ಹೇಳ್ಲಿ? ನನಗೇನ ಹುಚ್ಚ ಹಿಡದದ?”

ನೇತ್ರಾ ಕೊರಳಲ್ಲಿದ್ದ ಕ್ಲಬ್ಬಿನ ಗುರುತಿನ ಪಟ್ಟಿಯನ್ನು ತೆಗೆದು ಚೇತನನ ಮೇಜಿನ ಮೇಲೆ ಎಸೆದಳು. “ಮುಝೇ ಬೋರ್ಡ್ ಚಲಾನಾ ಆಪ್‌ನೇ ಸಿಖಾಯಾ,” ಎಂದಳು. “ಯಾರನ್ನೂ ನಂಬಬಾರದು ಅಂತ ಕೂಡ ನೀವೇ ಕಲಿಸಿದ್ರಿ.”

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾಕಾದಿಂದ ಕರೆತಂದ ಏಳು ಕೂಲಿಗಳು ಹಾರೆ ಹಿಡಿದು ಬಂದರು. ಪೊಲೀಸರೂ ಬಂದಿದ್ದರು, ಕಾಗದ ನೋಡಿದರು, ರಿಜಿಸ್ಟರ್ ಆಗಿದೆ ಎಂದರು, ನೆರಳಿಗೆ ಹೋಗಿ ನಿಂತರು. ಕೋರ್ಟಿನ ಹುಕುಂ ಇದೆಯೇ ಎಂದು ಯಾರೂ ಕೇಳಲಿಲ್ಲ. ಕಾಶವ್ವ ಬಾಗಿಲಿಗೆ ಅಡ್ಡ ಕೂತು ಕನ್ನಡದಲ್ಲಿ ಬೈಯತೊಡಗಿದಳು. ಆ ಬೈಗಳನ್ನು ಇಲ್ಲಿ ಬರೆದರೆ ಅಚ್ಚಿನವರು ತೆಗೆಯುತ್ತಾರೆ. ಏಳರಲ್ಲಿ ಒಬ್ಬ ಮರೆಪ್ಪ, ಯಾದಗಿರಿ ಕಡೆಯವನು. ಹಾರೆ ಎತ್ತಿದವನು ಕೆಳಗಿಟ್ಟ. “ಏ ಯಕ್ಕಾ, ನೀ ನಮ್ಮ ಕಡಿಯಾಕಿ?” ಎಂದ. ಮುಕಾದಮ ಗದರಿದರೂ ಮತ್ತೆ ಹಾರೆ ಮುಟ್ಟಲಿಲ್ಲ. ದಿನದ ಕೂಲಿ ಬಿಟ್ಟು ಹೊರಟು ಹೋದ. ಉಳಿದ ಆರು ಮಂದಿ ಒಂದೂವರೆ ತಾಸಿನಲ್ಲಿ ಗುಡಿಸಲು ಕೆಡವಿ ಮುಗಿಸಿದರು. ಅವರನ್ನು ನಾನು ಬೈಯಲಾರೆ, ಅವತ್ತು ಅವರ ಮನೆಯಲ್ಲಿ ಒಲೆ ಹೊತ್ತಬೇಕಿತ್ತು. ಚೇತನನ ಮನೆಯಲ್ಲಿ ಅಂಥ ಗರಜು ಇರಲಿಲ್ಲ.

ಆ ವಾರವೇ ಕಾಶವ್ವನನ್ನು ಕರೆದುಕೊಂಡು ನಾನು ಫೋರ್ಟಿಗೆ ಹೋದೆ. ಗುರುಪಾದ ಮಧ್ಯಾಹ್ನ ಒಂದು ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂರುತ್ತಾನೆ. ಎದುರಿಗೆ ಹೋಗಿ ಕೂತೆವು. ಕಾಶವ್ವನನ್ನು ನೋಡಿ ಅವನು ಸಾಂಬಾರಿನ ಬಟ್ಟಲು ಪಕ್ಕಕ್ಕೆ ಸರಿಸಿದ.

“ಅವ್ವಾ, ಕಾಗದ ನಾ ಬರದದ್ದಲ್ಲ. ಕಂಪನಿ ವಕೀಲರು ಬರದಿದ್ರು.”

“ಲಾವಣಿ ಅಂತ ಯಾರಂದ್ರು?” ಎಂದು ನಾನು ಕೇಳಿದೆ.

“ನಾ ಅನ್ನಲಿಲ್ಲರೀ ಸರ. ಆಕಿನs ಅಂದ್ಳು.”

“ನೀನೇನಂದಿ?”

ಕಾಶವ್ವನೇ ಹೇಳಿದಳು. “ಹೂಂ ಅಂದಿ. ನಿನ್ನ ಊರಾಗ ನಮ್ಮಕ್ಕ ಅದಾಳ, ನನ್ನ ಚಾ ಕುಡದಿ, ಹೂಂ ಅಂದಿ. ಉಂಡು ಏಳು. ಅನ್ನದ ಮುಂದ ಬೈಯೂದಿಲ್ಲ ನಾ.”

ಅವನು ಉಣ್ಣಲಿಲ್ಲ. ಕೋರ್ಟಿಗೆ ಬಂದು ಇದೇ ಮಾತು ಹೇಳುತ್ತೀಯಾ ಎಂದೆ. ಲೈಸೆನ್ಸು ಹೋಗುತ್ತದೆ ಸರ, ಎಂದ. ಅವನಿಗೂ ಕುರ್ಲಾದಲ್ಲಿ ಒಂದು ಖೋಲಿ, ಎರಡು ಮಕ್ಕಳು. ಇರಲಿ. ಎಲ್ಲ ಹೂಂಗಳ ಹಿಂದೆಯೂ ಎರಡು ಮಕ್ಕಳಿರುತ್ತವೆ.

ಈಗ ದಾವೆ ಹಾಕಿದ್ದೇವೆ. ವಕೀಲೆ ರಂಜನಾ ಫೀಸು ಕೇಳಿಲ್ಲ. ಆಕೆ ಹೇಳುವುದು ಇಷ್ಟೇ. ಕಾಶವ್ವ ಏನು ತಿಳಿದುಕೊಂಡಿದ್ದಳು ಎಂಬುದನ್ನು ಕೋರ್ಟು ನಂಬಬಹುದು, ನಂಬದಿರಬಹುದು. ಆದರೆ ಕಾಗದದಲ್ಲಿ ಒಂದು ಸುಳ್ಳು ಇದೆ: 2024ರ ಏಪ್ರಿಲ್‌ಗೆ ಮೊದಲು ಆಕೆ ಆ ಜಾಗದಲ್ಲಿ ಇರಲೇ ಇಲ್ಲ ಎಂಬುದು. ಇದ್ದಳು ಎಂದು ತೋರಿಸಿದರೆ ಇಡೀ ಕಾಗದ ಸುಳ್ಳಾಗುತ್ತದೆ. ಆಕೆಯದೊಂದೇ ಅಲ್ಲ, ಹನ್ನೆರಡೂ.

ತೋರಿಸುವುದು ಯಾವುದರಿಂದ? ರೇಷನ್ ಕಾರ್ಡು ಊರಿನದು. ಕರೆಂಟು ಕದ್ದದ್ದು, ಬಿಲ್ಲಿಲ್ಲ. ನೇತ್ರಾಳ ಶಾಲೆಯ ದಾಖಲೆಯಲ್ಲಿ ಶುಭಾಂಗಿಯ ಮನೆಯ ವಿಳಾಸ. ಶುಭಾಂಗಿ ಸಾಕ್ಷಿ ಹೇಳುತ್ತಾಳೆ, ಆದರೆ ಕ್ಲಬ್ಬಿನ ವಕೀಲ ಅವಳು ಸ್ನೇಹಿತೆ ಎನ್ನುತ್ತಾನೆ. ಕಾಶವ್ವ ಈಗ ಅವಳ ಮನೆಯ ಪಡಸಾಲೆಯಲ್ಲೇ ಮಲಗುತ್ತಾಳೆ. ಕ್ಲಬ್ಬು ಮರಳಿಗೆ ತಂತಿ ಬೇಲಿ ಹಾಕಿದೆ. ಬೇಲಿಯ ಈಚೆ ಆಕೆ ದಿನಾ ಎರಡು ಬಕೀಟು ಇಟ್ಟುಕೊಂಡು ಕೂರುತ್ತಾಳೆ. ನೀರು ಕೊಳ್ಳುವವರಿಲ್ಲ. ಆಕೆ ಏಳುವುದೂ ಇಲ್ಲ.

ಚೇತನನ ಹಳೆಯ ಗೆಳೆಯರ ಬಳಿ ಹದಿನೈದು ವರ್ಷದ ಫೋಟೊಗಳಿದ್ದವು. ಕೇಳಲಿಕ್ಕೆ ಹೋದಾಗ ಒಬ್ಬನ ಫೋನು ಕಳೆದಿತ್ತು, ಒಬ್ಬನದು ಕೆಟ್ಟಿತ್ತು, ಒಬ್ಬನಿಗೆ ನೆನಪೇ ಇಲ್ಲ. ಎಲ್ಲರಿಗೂ ಕ್ಲಬ್ಬಿನ ಸದಸ್ಯತ್ವ ಇದೆ.

ಅದಕ್ಕೆ ನಿಮ್ಮ ಬಾಗಿಲಿಗೆ ಬಂದಿದ್ದೇನೆ. ನೀವು, ಇದನ್ನು ಓದುತ್ತಿರುವ ಮುಂಬಯಿಯ ಕನ್ನಡಿಗರು. ನೀವು ಅಲ್ಲಿಗೆ ಹೋಗಿದ್ದಿರಿ. 2016ರಲ್ಲಿ ನಿಮ್ಮ ಸಂಘದ ಬಸ್ಸು ಹೋಗಿತ್ತು, ಆಕೆಗೆ ಇನ್ನೂ ನೆನಪಿದೆ, ನಲವತ್ತು ಮಂದಿಗೆ ರೊಟ್ಟಿ ಬಡಿದಿದ್ದಳು. ಫೋರ್ಟಿನ ಬ್ಯಾಂಕಿನವರು ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದಿರಿ. ‘ಅಯ್ಯೋ, ಇಲ್ಲೂ ನಮ್ಮವರು!’ ಎಂದು ಆಕೆಯ ಜೊತೆ ನಿಂತು ಫೋಟೊ ತೆಗೆಸಿಕೊಂಡಿರಿ. ನಿಮ್ಮ ಮಗ ಮರಳಲ್ಲಿ ಕೂತ ಫೋಟೊದ ಹಿಂದೆ ಆಕೆಯ ಗುಡಿಸಲು ಇರುತ್ತದೆ: ತಗಡಿನ ಮೇಲೆ ಟೈರು, ಬಾಗಿಲಲ್ಲಿ ಸಾಲಾಗಿ ಬಕೀಟುಗಳು.

ಆ ಫೋಟೊ ಬೇಕು. ತಾರೀಖಿನ ಸಮೇತ ಬೇಕು. ಫೋನಿನಲ್ಲಿ ಇಲ್ಲದಿದ್ದರೆ ಹಳೆಯ ಫೋನು ತೆಗೆಯಿರಿ, ಕಂಪ್ಯೂಟರಿನಲ್ಲಿ ನೋಡಿ, ಅಟ್ಟದ ಮೇಲಿನ ಆಲ್ಬಮ್ಮು ಇಳಿಸಿ. ಸಿಕ್ಕರೆ ಕುರ್ಲಾದ ನಮ್ಮ ಸಂಘಟನೆಯ ಖೋಲಿಗೆ ತನ್ನಿ. ಬರುವ ತಿಂಗಳ ಹದಿನೆಂಟಕ್ಕೆ ವಿಚಾರಣೆ ಇದೆ. ಆ ದಿನ ರಜೆ ಹಾಕಿ ಕೋರ್ಟಿಗೆ ಬನ್ನಿ. ಕಟಕಟೆ ಹತ್ತಿ, ‘ಈ ಫೋಟೊ ನಾನು ತೆಗೆದದ್ದು, ಈ ಹೆಂಗಸು ಅಲ್ಲಿ ಇದ್ದಳು, ಇದು ಆಕೆಯ ಮನೆ’ ಎಂದು ನಿಮ್ಮ ಹೆಸರು, ವಿಳಾಸ, ನೌಕರಿ ಸಮೇತ ಹೇಳಿ.

ಬರುತ್ತೀರೋ ಇಲ್ಲವೋ?